ಹರಿದು ಹಾಕಿದ ಇಪ್ಪತ್ತಮೂರನೆಯ ಫಾರಂ

2021ರ ಮೇ ತಿಂಗಳಲ್ಲಿ ನಾನು ಅರಸೀಕೆರೆ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಶುಶ್ರೂಷಾ ಅಧೀಕ್ಷಕಿಯಾಗಿದ್ದೆ. ಹಾಗೆಂದರೆ ನರ್ಸ್‌ಗಳ ಮೇಲ್ವಿಚಾರಕಿ. ಯಾರಿಗೆ ಯಾವ ವಾರ್ಡು, ಯಾವ ಪಾಳಿ, ಯಾರಿಗೆ ರಜೆ ಎಂಬುದೆಲ್ಲ ನನ್ನ ಕೈಯಲ್ಲಿತ್ತು. ಆಸ್ಪತ್ರೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಪ್ಪು ಮಾಡಿದ್ದು ನಾನು, ಕಟ್ಟಡಕ್ಕೇಕೆ ಕೆಟ್ಟ ಹೆಸರು? ಮೂವತ್ತನಾಲ್ಕು ವರ್ಷಗಳ ಸರ್ವೀಸು ಮುಗಿದು ನಿವೃತ್ತಿಗೆ ಎಂಟು ತಿಂಗಳು ಉಳಿದಿತ್ತು. ನನ್ನನ್ನು ಎಲ್ಲರೂ ಖಡಕ್ ಮೇಡಂ ಎನ್ನುತ್ತಿದ್ದರು. ಕೇಳಿದರೆ ನನಗೆ ಖುಷಿಯಾಗುತ್ತಿತ್ತು.

ಕೊರೋನಾದ ಎರಡನೆಯ ಅಲೆ ಬಂದಾಗ ನಮ್ಮ ಹೆರಿಗೆ ವಾರ್ಡು, ಗಂಡಸರ ವಾರ್ಡು ಎಲ್ಲವೂ ಒಂದಾಗಿ ಐವತ್ತು ಹಾಸಿಗೆಯ ಕೋವಿಡ್ ವಾರ್ಡಾಯಿತು. ನರ್ಸ್‌ಗಳು ಇದ್ದದ್ದು ಇಪ್ಪತ್ತಮೂರು ಮಂದಿ. ಅವರಲ್ಲೂ ಐದಾರು ಜನ ಯಾವಾಗಲೂ ಜ್ವರ ಬಂದು ಮನೆಯಲ್ಲಿರುತ್ತಿದ್ದರು. ಉಳಿದವರು ಪಿಪಿಇ ಕಿಟ್ ಎಂಬ, ತಲೆಯಿಂದ ಪಾದದವರೆಗೆ ಮುಚ್ಚುವ ಪ್ಲಾಸ್ಟಿಕ್ ಉಡುಪು ಹಾಕಿಕೊಂಡು ಆರು ಗಂಟೆ ನೀರು ಕುಡಿಯದೆ, ಮೂತ್ರಕ್ಕೆ ಹೋಗದೆ ದುಡಿಯಬೇಕು. ಹೊರಗೆ ಜನ ನಮ್ಮನ್ನು ಯೋಧರು ಎಂದು ಹೊಗಳುತ್ತಿದ್ದರು. ಹಾಗೆ ಹೊಗಳಿದ ಒಬ್ಬ ಪುಣ್ಯಾತ್ಮರೇ ನಮ್ಮ ಸಿಸ್ಟರ್ ಒಬ್ಬಳಿಗೆ ಮನೆ ಖಾಲಿ ಮಾಡಮ್ಮ ಅಂದರು. ಹೊಗಳಿಕೆ ಬೀದಿಗೆ, ಭಯ ಮನೆಗೆ.

ಆ ಇಪ್ಪತ್ತಮೂರು ಜನರಲ್ಲಿ ಸುಜಾತ ಒಬ್ಬಳು. ಹಳೇಬೀಡಿನವಳು, ವಯಸ್ಸು ಮೂವತ್ತಾರು. ತಂದೆ ನಿವೃತ್ತ ಪ್ರೈಮರಿ ಸ್ಕೂಲ್ ಮೇಷ್ಟ್ರು. ಒಬ್ಬಳು ಮಗಳಿದ್ದಳು. ಏಳು ವರ್ಷದಿಂದ ನಮ್ಮಲ್ಲಿ ಗುತ್ತಿಗೆ ಮೇಲೆ ಕೆಲಸ ಮಾಡುತ್ತಿದ್ದಳು. ಗುತ್ತಿಗೆ ಎಂದರೆ ಕೆಲಸವೆಲ್ಲ ಕಾಯಂ ಆದವರದ್ದೇ. ಅವರಿಗಿರುವ ಭದ್ರತೆ ಮಾತ್ರ ಇಲ್ಲ, ವರ್ಷಕ್ಕೊಮ್ಮೆ ಆದೇಶ ಮುಂದುವರಿಯಬೇಕು. ಅವಳ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಅಕ್ಷರಕ್ಕಿಂತ ಮಾತು ಚೆಂದ. ಹಳ್ಳಿಯಿಂದ ಬಂದ ಮುದುಕಿಯರು ಬೇರೆ ಯಾರ ಕೈಯಲ್ಲೂ ಸೂಜಿ ಚುಚ್ಚಿಸಿಕೊಳ್ಳದೆ "ಆ ಹಳೇಬೀಡಿನ ಹುಡ್ಗಿ ಬರ್ಲಿ" ಎಂದು ಹಟ ಹಿಡಿಯುತ್ತಿದ್ದರು.

ಕೋವಿಡ್ ವಾರ್ಡಿನೊಳಗೆ ಮನೆಯವರನ್ನು ಬಿಡುತ್ತಿರಲಿಲ್ಲ. ಆದ್ದರಿಂದ ಪ್ರತಿ ರೋಗಿಯ ಸ್ಥಿತಿಯನ್ನು ದಿನಾ ಅವರ ಮನೆಗೆ ಫೋನ್ ಮಾಡಿ ತಿಳಿಸಬೇಕಿತ್ತು. ತೀರಿಕೊಂಡರೆ ಅದನ್ನೂ ತಿಳಿಸಬೇಕು. ಇದಕ್ಕೆ ಒಂದು ಮೊಬೈಲ್ ಇಟ್ಟು ಫೋನ್ ಡ್ಯೂಟಿ ಎಂದು ಮಾಡಿದೆವು. ಮೊದಲ ನಾಲ್ಕು ದಿನ ನಾಲ್ವರಿಗೆ ಸರದಿಯಲ್ಲಿ ಹಾಕಿದೆ. ಒಬ್ಬಳು ಫೋನಿನಲ್ಲೇ ಗೋಳೋ ಎಂದು ಅತ್ತಳು. ಇನ್ನೊಬ್ಬಳು ರೇಗಿ ಜಗಳ ತಂದಿಟ್ಟಳು. ಸುಜಾತಳ ಸರದಿ ಬಂದ ದಿನ ಮಾತ್ರ ಒಂದೂ ದೂರು ಬರಲಿಲ್ಲ. ಮರುದಿನವೂ ಅವಳನ್ನೇ ಹಾಕಿದೆ. ಅದರ ಮರುದಿನವೂ ಹಾಕಿದೆ. ಸರ್ಕಾರಿ ಕಚೇರಿಗಳಲ್ಲಿ ಇದೊಂದು ನಿಯಮ, ಯಾವ ಪುಸ್ತಕದಲ್ಲೂ ಬರೆದಿಲ್ಲ: ಚೆನ್ನಾಗಿ ಮಾಡುವವರಿಗೇ ಪೂರ್ತಿ ಕೆಲಸ, ಕೆಡಿಸುವವರಿಗೆ ವಿಶ್ರಾಂತಿ.

ಅದರ ಮೇಲೆ ನಾನು ಇನ್ನೊಂದು ಕಟ್ಟಳೆ ಮಾಡಿದೆ. ನಮ್ಮ ಕಡೆ ದೂರದಲ್ಲಿರುವವರಿಗೆ ಸಾವಿನ ಸುದ್ದಿಯನ್ನು ನೇರವಾಗಿ ಹೇಳುವ ಪದ್ಧತಿಯಿಲ್ಲ. ಗಾಬರಿಯಲ್ಲಿ ದಾರಿಯಲ್ಲೆಲ್ಲೋ ಬಿದ್ದಾರು ಎಂದು "ಹುಷಾರಿಲ್ಲ, ಬೇಗ ಬಂದ್ಬಿಡಿ" ಎಂದಷ್ಟೇ ಹೇಳುತ್ತಾರೆ. ಮನೆ ಮುಂದೆ ಜನ ಸೇರಿರುವುದನ್ನು ಕಂಡಾಗ ಉಳಿದದ್ದು ತಾನಾಗಿ ತಿಳಿಯುತ್ತದೆ. ನನ್ನ ತಾಯಿ ತೀರಿಕೊಂಡಾಗ ನನಗೂ ಹಾಗೆಯೇ ಹೇಳಿ ಕರೆಸಿದ್ದರು. ಅದರಂತೆ ಸುಜಾತಳಿಗೂ ಹೇಳಿದೆ: "ಹೋದ್ರು ಅಂತ ಫೋನಲ್ಲಿ ಹೇಳ್ಬೇಡ ಕಣೇ. ಸೀರಿಯಸ್ ಆಗಿದಾರೆ, ಇಬ್ಬರು ಬನ್ನಿ ಅನ್ನು. ಗೇಟ್ ಹತ್ರ ಬಂದ್ಮೇಲೆ ನಿಧಾನಕ್ಕೆ ಹೇಳಿದ್ರಾಯ್ತು." ಒಂದು ಮನೆಯಲ್ಲಿ ಹತ್ತು ವರ್ಷಕ್ಕೊಮ್ಮೆ ಹೇಳುವ ಸುಳ್ಳನ್ನು ಒಬ್ಬಳೇ ಹೆಣ್ಣುಮಗಳು ದಿನಕ್ಕೆ ಎರಡು ಮೂರು ಸಲ ಹೇಳಿದರೆ ಏನಾಗುತ್ತದೆ ಎಂದು ನಾನು ಯೋಚಿಸಲಿಲ್ಲ. ಆ ಸುಳ್ಳು ಒಂದೇ ಮಾತಿಗೆ ಮುಗಿಯುವುದೂ ಇಲ್ಲ. ಹೊರಟವರು ದಾರಿಯುದ್ದಕ್ಕೂ ಫೋನ್ ಮಾಡುತ್ತಾರೆ. ಅವರು ಗೇಟು ಮುಟ್ಟುವವರೆಗೆ ಸತ್ತವರನ್ನು ಮಾತಿನಲ್ಲಿ ಬದುಕಿಸಿಟ್ಟಿರಬೇಕು. ಈ ಕೆಲಸವನ್ನು ಸುಜಾತ ಇಪ್ಪತ್ತು ದಿನ ಮಾಡಿದಳು.

ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಗಂಡಸಿ ಎಂಬ ಊರಿನ ಕಡೆಯ ಒಬ್ಬ ಹಿರಿಯರು ತೀರಿಕೊಂಡರು. ಸುಜಾತ ಅವರ ಮಗನಿಗೆ ಎಂದಿನಂತೆ ಫೋನ್ ಮಾಡಿದಳು. ಆತ ನಲವತ್ತು ದಾಟಿದ ತೆಂಗಿನ ತೋಟದ ರೈತ. ಐದು ನಿಮಿಷ ಬಿಟ್ಟು ಆತನೇ ವಾಪಸ್ ಮಾಡಿದ. ನಾನು ಪಕ್ಕದಲ್ಲೇ ಇಂಡೆಂಟು, ಎಂದರೆ ಸ್ಟೋರಿಗೆ ಕಳಿಸುವ ಬೇಡಿಕೆ ಪಟ್ಟಿ, ಬರೆಯುತ್ತಿದ್ದೆ. ಸ್ಪೀಕರಿನಲ್ಲಿ ಅವನ ದನಿ ಕೇಳಿಸಿತು.

"ಸಿಸ್ಟರ್, ಎಳ್ನೀರು ಕೆಡವುಸ್ತಾ ಇವ್ನಿ. ನಮ್ಮಪ್ಪಂಗೆ ಕೊಡಬೋದಾ?"

ಸುಜಾತ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ, ಹೂಂ ಅನ್ನು ಎನ್ನುವ ಹಾಗೆ.

"ತನ್ನಿ" ಅಂದಳು.

ಹನ್ನೊಂದರ ಸುಮಾರಿಗೆ ಆತ ಬೈಕಿನ ಹ್ಯಾಂಡಲ್ಲಿಗೆ ಎರಡು ಎಳನೀರು ಕಟ್ಟಿಕೊಂಡು ಬಂದ. ಕೆತ್ತಿ ತಂದಿದ್ದ, ತೂತು ಮಾಡುವುದಷ್ಟೇ ಬಾಕಿ. ಸುಜಾತ ಗೇಟಿನ ಹತ್ತಿರ ಹೋಗಿ ವಿಷಯ ಹೇಳಿದಳು. ಆತ ಅಳಲಿಲ್ಲ. ಒಂದೇ ಮಾತು ಕೇಳಿದ: "ನಾನು ಎಳ್ನೀರು ತರ್ಲಾ ಅಂದಾಗ ಇದ್ರಾ?"

ಅವಳು ಇಲ್ಲ ಎಂದಳು. ಇದ್ದರು ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಇಪ್ಪತ್ತು ದಿನ ಸುಳ್ಳು ಹೇಳಿ ಅವಳಿಗೆ ಸಾಕಾಗಿತ್ತೆಂದು ಕಾಣುತ್ತದೆ.

"ನೀವೇ ಕುಡೀರಿ" ಎಂದು ಎರಡನ್ನೂ ಅವಳ ಕಾಲ ಬಳಿ ಇಟ್ಟು ಆತ ಶವಾಗಾರದ ಕಡೆ ಹೋದ. ಅವನು ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಮಧ್ಯಾಹ್ನ ನನ್ನ ಕೋಣೆಗೆ ಬಂದು "ಮೇಡಂ, ನನ್ನನ್ನ ಫೋನಿಂದ ಬಿಡ್ಸಿ. ಬೇಕಾದ್ರೆ ಡಬಲ್ ಡ್ಯೂಟಿ ವಾರ್ಡಲ್ಲಿ ಮಾಡ್ತೀನಿ" ಅಂದಳು. ಇನ್ನೊಂದು ವಾರ ತಡಿ, ನೋಡೋಣ ಅಂದೆ. ನೋಡೋಣ ಎಂಬ ಮಾತಿಗೆ ನಮ್ಮ ಇಲಾಖೆಯಲ್ಲಿ ಏನರ್ಥವೆಂದು ಅವಳಿಗೂ ಗೊತ್ತಿತ್ತು.

ಆ ವಾರದಲ್ಲೇ ಫಾರಂ ಬಂತು. ಕೋವಿಡ್ ಕರ್ತವ್ಯದಲ್ಲಿರುವ ನರ್ಸ್‌ಗಳ ಮಾನಸಿಕ ಆರೋಗ್ಯದ ಬಗ್ಗೆ ಮೇಲಿನವರಿಗೆ ಕಾಳಜಿ ಹುಟ್ಟಿತ್ತು. ಒಬ್ಬೊಬ್ಬರಿಗೂ ಹದಿನಾಲ್ಕು ಪ್ರಶ್ನೆ. ನಿದ್ದೆ ಕೆಡುತ್ತಿದೆಯೇ? ಕೆಲಸಕ್ಕೆ ಬರುವಾಗ ಭಯವಾಗುತ್ತದೆಯೇ? ಕಾರಣವಿಲ್ಲದೆ ಅಳು ಬರುತ್ತದೆಯೇ? ಎಂದೂ ಇಲ್ಲ, ಕೆಲವೊಮ್ಮೆ, ಆಗಾಗ, ಯಾವಾಗಲೂ ಎಂಬ ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕಬೇಕು. ಅಂಕ ಹೆಚ್ಚಾದವರನ್ನು ಹಾಸನಕ್ಕೆ ಕಳಿಸಿ ಆಪ್ತಸಮಾಲೋಚನೆ ಮಾಡಿಸಿ, ಕೆಲವು ದಿನ ವಿಶ್ರಾಂತಿ ಕೊಡಬೇಕು. ಓದಲು ಎಷ್ಟು ಚೆನ್ನಾಗಿದೆ! ಫಾರಂ ಕಳಿಸಿದ ಅಧಿಕಾರಿಯೇ ಹಿಂದೆಯೇ ಫೋನ್ ಮಾಡಿ, "ಮೇಡಂ, ಸ್ಕೋರ್ ಜಾಸ್ತಿ ಬಂದ್ರೆ ಸ್ಟಾಫ್ ಕಳಿಸ್ಬೇಕಾಗುತ್ತೆ. ಬದಲಿಗೆ ಕೊಡೋಕೆ ನನ್ನತ್ರ ಯಾರೂ ಇಲ್ಲ. ನೋಡ್ಕೊಂಡು ಫಿಲ್ ಮಾಡ್ಸಿ" ಎಂದರು. ಕಣ್ಣೊರೆಸುವ ತಂತ್ರಕ್ಕೆ ಕರವಸ್ತ್ರವನ್ನೂ ನಾವೇ ತರಬೇಕಿತ್ತು.

ನೋಡಿಕೊಂಡು ತುಂಬಿಸುವುದು ನಮಗೆ ಹೊಸದಲ್ಲ. ತರಬೇತಿಯ ಫಾರಂ ಇರಲಿ, ಬೆಂಕಿ ನಂದಿಸುವ ಅಭ್ಯಾಸದ ಫಾರಂ ಇರಲಿ, ಅಕ್ಷರ ಚೆನ್ನಾಗಿರುವ ಒಬ್ಬರು ಕುಳಿತು ಎಲ್ಲರದ್ದನ್ನೂ ತುಂಬುತ್ತಾರೆ, ಉಳಿದವರು ಬಂದು ಸಹಿ ಹಾಕಿ ಹೋಗುತ್ತಾರೆ. ಎಲ್ಲ ಆಸ್ಪತ್ರೆಗಳಲ್ಲೂ ಅದೇ ರೂಢಿ ಎಂದು ನನ್ನ ನಂಬಿಕೆ. ನಮ್ಮಲ್ಲಿ ಅಕ್ಷರ ಚೆನ್ನಾಗಿದ್ದವಳು ಸುಜಾತ. ಮನಸ್ಸು ಸರಿಯಿದೆಯೇ ಎಂದು ಕೇಳುವ ಇಪ್ಪತ್ತಮೂರು ಫಾರಂಗಳ ಕಟ್ಟನ್ನು ಅವಳ ಮುಂದೆಯೇ ಇಟ್ಟು, "ಎಲ್ಲಕ್ಕೂ ಮೊದಲನೇ ಕಾಲಂ ಟಿಕ್ ಹಾಕಮ್ಮ, ಸಂಜೆ ಕಳಿಸ್ಬೇಕು" ಎಂದೆ. ಆಗ ನನಗೆ ಇದರಲ್ಲಿ ವಿಚಿತ್ರವಾದದ್ದೇನೂ ಕಾಣಲಿಲ್ಲ.

ಅವಳು ಊಟ ಬಿಟ್ಟು ಕುಳಿತು ತುಂಬಿದಳು. ಮನೆ ಖಾಲಿ ಮಾಡಿಸಿಕೊಂಡವಳಿಗೂ ಭಯ ಎಂದೂ ಇಲ್ಲ. ಕೈಗೂಸನ್ನು ತಾಯಿಯ ಮನೆಯಲ್ಲಿ ಬಿಟ್ಟು ಬಂದವಳಿಗೂ ಅಳು ಎಂದೂ ಇಲ್ಲ. ಇಪ್ಪತ್ತೆರಡು ಫಾರಂ ಹೀಗೆ ಮುಗಿದವು. ಇಪ್ಪತ್ತಮೂರನೆಯದು ಅವಳದ್ದು. ಅದರಲ್ಲಿ ಹದಿನಾಲ್ಕು ಗುರುತುಗಳೂ ಮೂರನೆಯ, ನಾಲ್ಕನೆಯ ಕಾಲಂನಲ್ಲಿದ್ದವು. ಕೆಳಗೆ "ಇತರೆ" ಎಂಬ ಜಾಗದಲ್ಲಿ ಬರೆದಿದ್ದಳು: "ಫೋನ್ ಸದ್ದಾದರೆ ಕೈ ನಡುಗುತ್ತದೆ. ಮನೆಯ ಫೋನನ್ನೂ ಎತ್ತಲಾಗುತ್ತಿಲ್ಲ. ಮಗಳು ಮಾತಾಡಿಸಿದರೆ ಅವಳಿಗೂ ಸುಳ್ಳು ಹೇಳುತ್ತಿದ್ದೇನೆ ಅನ್ನಿಸುತ್ತದೆ. ನನ್ನನ್ನು ಈ ಕೆಲಸದಿಂದ ಬಿಡಿಸಬೇಕಾಗಿ ಕೋರಿಕೆ."

ನಾನು ಓದಿದೆ. ಅರ್ಥವಾಗಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ, ಚೆನ್ನಾಗಿ ಅರ್ಥವಾಯಿತು. ಅರ್ಥವಾದ ಮೇಲೆ ನನಗೆ ಬಂದದ್ದು ಸಿಟ್ಟು. ಇವಳನ್ನು ಕಳಿಸಿದರೆ ಫೋನಿಗೆ ಯಾರು? ಇವಳೊಬ್ಬಳು ಹೀಗೆ ಬರೆದರೆ ಉಳಿದ ಇಪ್ಪತ್ತೆರಡು ಸುಳ್ಳೆಂದು ಗೊತ್ತಾಗುವುದಿಲ್ಲವೇ?

"ನೀನೊಬ್ಳೇನಾ ಕಷ್ಟ ಪಡ್ತಿರೋಳು? ಎಲ್ಲಾರೂ ಹಲ್ಲು ಕಚ್ಕೊಂಡು ಮಾಡ್ತಿಲ್ವಾ?" ಎಂದೆ.

"ಎಲ್ಲಾರದ್ದೂ ನಾನೇ ತುಂಬಿದ್ದು ಮೇಡಂ. ಅವರ್ದೂ ಸುಳ್ಳೇ" ಎಂದಳು ಮೆಲ್ಲಗೆ.

ನಾನು ಆ ಫಾರಂ ಅನ್ನು ನಾಲ್ಕು ತುಂಡು ಮಾಡಿ ಕಸದ ಬಕೆಟ್ಟಿಗೆ ಹಾಕಿದೆ. ಇನ್ನೊಂದು ಖಾಲಿ ಫಾರಂ ಕೊಟ್ಟೆ. ಅವಳು ನಿಂತುಕೊಂಡೇ ಹದಿನಾಲ್ಕು ಗುರುತುಗಳನ್ನೂ ಮೊದಲನೆಯ ಕಾಲಂನಲ್ಲಿ ಹಾಕಿ ಸಹಿ ಮಾಡಿದಳು. ಅಕ್ಷರ ಮಾತ್ರ ಎಂದಿನಂತೆ ಮುತ್ತಿನ ಹಾಗೇ ಇತ್ತು.

ಒಂಬತ್ತು ದಿನಗಳ ನಂತರ ಬಾಣಾವರದ ಒಬ್ಬ ಹೆಣ್ಣುಮಗಳು ಮಧ್ಯಾಹ್ನ ಕ್ಯಾರಿಯರಿನಲ್ಲಿ ಮುದ್ದೆ, ಉಪ್ಸಾರು ತಂದು ಗೇಟಿನಲ್ಲಿ ಕೊಟ್ಟಳು. ಗಂಡನ ನಾಲಿಗೆಗೆ ರುಚಿ ಬಂದಿದೆ ಎಂದು ಹಿಂದಿನ ದಿನ ಫೋನಿನಲ್ಲಿ ಕೇಳಿ ಹಿಗ್ಗಿ ಬಂದಿದ್ದಳು. ಗಂಡ ಬೆಳಿಗ್ಗೆ ಏಳಕ್ಕೇ ತೀರಿಹೋಗಿದ್ದ. ಅವಳಿಗೆ ಯಾರೂ ಫೋನ್ ಮಾಡಿರಲಿಲ್ಲ. ಹುಡುಕಿದರೆ ಫೋನೇ ಇಲ್ಲ. ಕೊನೆಗೆ ಬೆಡ್‌ಶೀಟು ಜೋಡಿಸಿಡುವ ಬೀರುವಿನಲ್ಲಿ, ಮಡಿಸಿದ ಬಟ್ಟೆಗಳ ಕೆಳಗೆ, ಸ್ವಿಚ್ ಆಫ್ ಆಗಿ ಸಿಕ್ಕಿತು. ಬೀರುವಿನ ಪಕ್ಕದಲ್ಲಿ ನೆಲದ ಮೇಲೆ ಸುಜಾತ ಕುಳಿತಿದ್ದಳು.

"ಏನೇ ಇದು?" ಎಂದೆ.

"ಹೇಳ್ದಿದ್ರೆ ಇನ್ನೂ ಸ್ವಲ್ಪ ಹೊತ್ತು ಇರ್ತಾರೆ ಮೇಡಂ" ಅಂದಳು.

ಆ ಹೆಣ್ಣುಮಗಳ ಅಣ್ಣ ಬರೆದು ದೂರು ಕೊಟ್ಟ. ಕೊಟ್ಟದ್ದು ನ್ಯಾಯವೇ, ಅವನನ್ನು ನಾನು ದೂರುವುದಿಲ್ಲ. ಕರ್ತವ್ಯಲೋಪ ಎಂದು ಸುಜಾತಳಿಗೆ ನೋಟಿಸು ಬಂತು. ಮನಸ್ಸಿನ ಆರೋಗ್ಯ ಸರಿಯಿರಲಿಲ್ಲ, ಮೊದಲೇ ತಿಳಿಸಿದ್ದೆ ಎಂದು ಅವಳು ಉತ್ತರ ಬರೆದಳು. ಯಾರಿಗೆ ತಿಳಿಸಿದ್ದು ಎಂದು ಬರೆದಿರಲಿಲ್ಲ. ನನ್ನ ಹೆಸರು ಬಿಟ್ಟಿದ್ದಳು. ಅದನ್ನು ನಾನೇ ಹೇಳುತ್ತೇನೆಂದು ಅವಳು ನಂಬಿದ್ದಳು ಎಂದು ಈಗ ನನಗನ್ನಿಸುತ್ತದೆ.

ಜೂನ್ ಕೊನೆಯಲ್ಲಿ ವಿಚಾರಣೆ ನಡೆಯಿತು. ಒಂದು ಮೇಜು, ಮೇಜಿನಾಚೆ ವಿಚಾರಣಾ ಅಧಿಕಾರಿ, ಈಚೆ ನಾವಿಬ್ಬರು ಅಕ್ಕಪಕ್ಕದ ಕುರ್ಚಿಯಲ್ಲಿ. ಅಧಿಕಾರಿ ಒರಟರೇನಲ್ಲ, ಮರ್ಯಾದೆಯಿಂದಲೇ ಮಾತಾಡಿದರು. ಕಡತದಿಂದ ಆ ಫಾರಂ ತೆಗೆದು ಅವಳ ಮುಂದಿಟ್ಟು, "ಇದು ನಿಮ್ಮ ಸಹಿ ತಾನೇ? ಘಟನೆಗೆ ಒಂಬತ್ತು ದಿನ ಮುಂಚೆ. ಹದಿನಾಲ್ಕಕ್ಕೆ ಹದಿನಾಲ್ಕೂ ತೊಂದರೆ ಇಲ್ಲ ಅಂತಿದೆ" ಎಂದರು. ಅವಳು ಹೌದೆಂದಳು. ಅವರು ನನ್ನ ಕಡೆ ತಿರುಗಿದರು.

"ಮೇಡಂ, ಇವರು ನಿಮಗೆ ಮೊದಲೇ ಏನಾದ್ರೂ ತಿಳಿಸಿದ್ರಾ?"

ಮೂವತ್ತನಾಲ್ಕು ವರ್ಷ ಎಷ್ಟೋ ಜನ ಡಾಕ್ಟರುಗಳಿಗೆ ಎದುರು ಮಾತಾಡಿದವಳು ನಾನು. ತಪ್ಪು ಇಂಜೆಕ್ಷನ್ ಬರೆದ ಸರ್ಜನ್ನರ ಕೈ ಹಿಡಿದು ನಿಲ್ಲಿಸಿದವಳು. ಅಂದು ನನ್ನ ತಲೆಯಲ್ಲಿ ಓಡಿದ್ದು ಒಂದೇ: ಹರಿದೆ ಎಂದರೆ ನನ್ನ ಮೇಲೂ ಒಂದು ವಿಚಾರಣೆ, ನಿವೃತ್ತಿಯ ಹೊತ್ತಿನಲ್ಲಿ ಒಂದು ಕಪ್ಪು ಚುಕ್ಕೆ.

"ಬರವಣಿಗೆಯಲ್ಲಿ ಏನೂ ಕೊಟ್ಟಿಲ್ಲ ಸರ್" ಎಂದೆ.

ಅವರು ಬರೆದುಕೊಂಡರು. ಸುಜಾತ ತಿರುಗಿ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ, ದುಃಖದಿಂದಲೂ ಅಲ್ಲ. ಪರಿಚಯವಿಲ್ಲದವರನ್ನು ಬಸ್ಸಿನಲ್ಲಿ ನೋಡುತ್ತೇವಲ್ಲ, ಹಾಗೆ ನೋಡಿದಳು. ಮುಂದಿನ ವರ್ಷಕ್ಕೆ ಅವಳ ಗುತ್ತಿಗೆ ಆದೇಶ ಮುಂದುವರಿಯಲಿಲ್ಲ. ಅವಳನ್ನು ಫೋನಿನಿಂದ ಬಿಡಿಸಿದ ಮೇಲೆ ಆ ಡ್ಯೂಟಿಯನ್ನು ಆರು ಜನರಿಗೆ ಸರದಿಯಲ್ಲಿ ಹಂಚಿದೆವು, ಸಾವನ್ನು ನೇರವಾಗಿ ತಿಳಿಸಬೇಕೆಂದು ಸುತ್ತೋಲೆ ಹೊರಡಿಸಿದೆವು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದರಲ್ಲಿ ನಮ್ಮಷ್ಟು ಚುರುಕು ಯಾರೂ ಇಲ್ಲ.

ಇದರ ಮೇಲೆ ಇನ್ನೊಂದು ನಡೆಯಿತು. ಅಲೆ ಇಳಿದ ಮೇಲೆ ಒಂದು ಸಮಾರಂಭದಲ್ಲಿ, ಸಂಕಷ್ಟದಲ್ಲೂ ಮನೋಸ್ಥೈರ್ಯ ಕಾಪಾಡಿಕೊಂಡ ಶುಶ್ರೂಷಾ ತಂಡ ಎಂದು ನಮ್ಮನ್ನು ಗೌರವಿಸಿದರು. ಆಧಾರ ಆ ಇಪ್ಪತ್ತಮೂರು ಫಾರಂಗಳು. ಒಬ್ಬರಿಗೂ ಒಂದು ಅಂಕವೂ ಇಲ್ಲದ ತಂಡ ಎಂದು ಮೈಕಿನಲ್ಲಿ ಹೇಳಿ ಚಪ್ಪಾಳೆ ಹೊಡೆಸಿದರು. ತಂಡದ ಪರವಾಗಿ ನಾನು ಶಾಲು ಹೊದಿಸಿಕೊಂಡೆ, ಹಣ್ಣಿನ ಬುಟ್ಟಿ ತೆಗೆದುಕೊಂಡೆ, ಫೋಟೋಗೆ ನಕ್ಕೆ. ನನಗೆ ನನ್ನ ಮೇಲೆ ಹೇಸಿಗೆಯಾಯಿತು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಅಂದು ಹಾಗೇನೂ ಆಗಲಿಲ್ಲ. ಹೇಸಿಗೆ ಆಮೇಲೆ ಬಂತು, ನಿವೃತ್ತಿಯಾಗಿ ಮನೆಯಲ್ಲಿ ಕುಳಿತು, ಮಾಡಲು ಬೇರೆ ಕೆಲಸವಿಲ್ಲದಾಗ.

ನಿವೃತ್ತಿಯ ಮರುವರ್ಷ ಒಂದು ಬೆಳಿಗ್ಗೆ ಬಸ್ಸು ಹತ್ತಿ ಹಳೇಬೀಡಿಗೆ ಹೋದೆ. ಕೆರೆಯ ಕಡೆಯ ಬೀದಿಯಲ್ಲಿ ಅವಳ ತಂದೆಯ ಮನೆ. ಮೇಷ್ಟ್ರು ಬಾಗಿಲು ತೆಗೆದು ಗುರುತು ಹಿಡಿದರು. "ಬನ್ನಿ ಬನ್ನಿ. ಸುಜಾತ, ನಿಮ್ ಮೇಡಂ ಬಂದವ್ರೆ ನೋಡಮ್ಮ" ಎಂದು ನಡುಮನೆಯಲ್ಲಿ ಬುದ್ಧನ ಪಟದ ಕೆಳಗಿನ ಕುರ್ಚಿ ಎಳೆದು ಕೂರಿಸಿದರು. ಅವಳು ಒಳಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದವಳು ಎದ್ದು ಬಂದಳು. ಮೈ ಇಳಿದಿತ್ತು, ಮುಖ ಶಾಂತವಾಗಿತ್ತು. ಹಾಸನದ ಮನೋವೈದ್ಯರ ಹತ್ತಿರ ಒಂದೂವರೆ ವರ್ಷ ಚಿಕಿತ್ಸೆಯಾಯಿತು, ಈಗ ಮಾತ್ರೆ ಕಡಿಮೆ ಮಾಡಿದ್ದಾರೆ ಎಂದು ಮೇಷ್ಟ್ರು ಹೇಳಿದರು. ಮನೆಯಲ್ಲಿ ಫೋನ್ ಇಟ್ಟುಕೊಳ್ಳುವುದು ಅವರೊಬ್ಬರೇ, ಅದೂ ಸದ್ದು ತೆಗೆದು. ಅವಳು ಕಾಫಿ ತಂದಳು. ಮೇಷ್ಟ್ರು ಏನನ್ನೋ ಗ್ರಹಿಸಿದವರಂತೆ ಹೊರಗೆ ಜಗಲಿಗೆ ಹೋದರು.

ನಾನು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದನ್ನೆಲ್ಲ ಹೇಳಿದೆ. ಫಾರಂ ಹರಿದದ್ದು ತಪ್ಪು, ಅಧಿಕಾರಿಯ ಮುಂದೆ ಬಾಯಿ ಬಿಡದಿದ್ದದ್ದು ಅದಕ್ಕಿಂತ ದೊಡ್ಡ ತಪ್ಪು. ಹೇಳುತ್ತಾ ಅಳು ಬಂತು. ಅವಳು ನನ್ನ ಕೈ ಹಿಡಿಯಬಹುದು, ಹೋಗ್ಲಿ ಬಿಡಿ ಮೇಡಂ ಎನ್ನಬಹುದು ಎಂದು ನಾನು ಕಾದೆ. ಅಳುವವರನ್ನು ಸಮಾಧಾನ ಮಾಡುವುದರಲ್ಲಿ ಅವಳಂಥವಳನ್ನು ನಾನು ಸರ್ವೀಸಿನಲ್ಲೇ ಕಂಡಿರಲಿಲ್ಲ.

ಅವಳು ಕೈ ಹಿಡಿಯಲಿಲ್ಲ. ನನ್ನ ಅಳು ನಿಲ್ಲುವವರೆಗೂ ಕಾದು ಹೇಳಿದಳು: "ನೀವು ಬಂದಿರೋದು ನಿಮ್ಮ ಮನಸ್ಸು ಹಗುರ ಮಾಡ್ಕೊಳ್ಳೋಕೆ ಮೇಡಂ. ಆ ಕೆಲ್ಸನೂ ನಾನೇ ಮಾಡ್ಕೊಡ್ಬೇಕಾ?"

ನಾನು ಸೆರಗಿನಿಂದ ಮುಖ ಒರೆಸಿಕೊಂಡೆ.

"ನನ್ ಹತ್ರ ಯಾಕ್ ಹೇಳ್ತೀರಾ? ನನಗೆ ಗೊತ್ತಿರೋದೇ ಅಲ್ವಾ? ಗೊತ್ತಿಲ್ಲದವರಿಗೆ ಹೇಳಿ" ಅಂದಳು. ಆಮೇಲೆ, ನಾನು ಊರು ತಲುಪಲು ಯಾವ ಬಸ್ಸು ಸಿಗುತ್ತದೆಂದು ತಂದೆಯನ್ನು ಕೂಗಿ ಕೇಳಿದಳು.

ಮನೆಗೆ ಬಂದು ಎರಡು ಪುಟದ ಪತ್ರ ಬರೆದೆ. ಫಾರಂ ಬಂದದ್ದು, ಅವಳು ಬರೆದದ್ದು, ನಾನು ಹರಿದದ್ದು, ವಿಚಾರಣೆಯಲ್ಲಿ ಮರೆಮಾಚಿದ್ದು, ಯಾವುದನ್ನೂ ಬಿಡದೆ ಬರೆದು ಸಹಿ ಹಾಕಿ ರಿಜಿಸ್ಟರ್ಡ್ ಅಂಚೆಯಲ್ಲಿ ವಿಚಾರಣೆ ನಡೆಸಿದ ಕಚೇರಿಗೆ ಕಳಿಸಿದೆ. ಮೂರು ತಿಂಗಳಿಗೆ ಮೂರು ಸಾಲಿನ ಉತ್ತರ ಬಂತು. ಸದರಿ ಪ್ರಕರಣ ಈಗಾಗಲೇ ಮುಕ್ತಾಯಗೊಂಡಿದೆ, ತಮ್ಮ ಹೇಳಿಕೆಗೆ ಪೂರಕ ದಾಖಲೆ ಲಗತ್ತಿಸಿಲ್ಲ, ಕಡತ ಮುಚ್ಚಲಾಗಿದೆ. ಪೂರಕ ದಾಖಲೆಯನ್ನು ನಾಲ್ಕು ತುಂಡು ಮಾಡಿ ಕಸಕ್ಕೆ ಹಾಕಿದವಳು ನಾನೇ, ಅದನ್ನೂ ಪತ್ರದಲ್ಲಿ ಬರೆದಿದ್ದೆ. ಓದಲು ಯಾರಿಗೂ ಪುರುಸೊತ್ತು ಇರಲಿಲ್ಲವೋ ಏನೋ. ನನ್ನ ಮೇಲೆ ಯಾವ ಕ್ರಮವೂ ಆಗಲಿಲ್ಲ. ಸುಜಾತಳಿಗೆ ಕೆಲಸವೂ ವಾಪಸ್ ಸಿಗಲಿಲ್ಲ.

ವೃತ್ತಿ ಏನು ಕಲಿಸಿತು ಎಂದು ಇಂಥ ಬರಹದ ಕೊನೆಗೆ ಹೇಳಬೇಕಂತೆ. ನರ್ಸಿಂಗಿನಲ್ಲಿ ಒಂದು ನಿಯಮವಿದೆ, ಹೊಸದಾಗಿ ಸೇರಿದ ಹುಡುಗಿಯರಿಗೆ ಮೊದಲ ವಾರವೇ ಹೇಳಿಕೊಡುತ್ತೇವೆ. ಎಂಟು ಗಂಟೆಗೆ ಕೊಡಬೇಕಾದ ಔಷಧಿಯನ್ನು ಮರೆತು ಹನ್ನೊಂದಕ್ಕೆ ಕೊಟ್ಟರೆ, ಚಾರ್ಟಿನಲ್ಲಿ ಹನ್ನೊಂದು ಎಂದೇ ಬರೆಯಬೇಕು. ಎಂಟು ಎಂದು ಬರೆದು ತಿದ್ದುವ ಹಾಗಿಲ್ಲ. ಅಷ್ಟರಲ್ಲಿ ರೋಗಿಗೆ ಏನಾಯಿತು ಎಂಬುದನ್ನೂ ಅದರ ಪಕ್ಕದಲ್ಲೇ ಬರೆಯಬೇಕು. ಸುಜಾತ ತನಗೆ ಆಗುತ್ತಿಲ್ಲ ಎಂದದ್ದು 2021ರ ಮೇ ತಿಂಗಳಲ್ಲಿ. ಅವಳು ಹೇಳಿದ್ದು ನಿಜ ಎಂದು ನಾನು ಬರೆಯುತ್ತಿರುವುದು ಈಗ. ಅಷ್ಟರಲ್ಲಿ ಏನಾಯಿತು ಎಂಬುದನ್ನು ಮೇಲೆ ಬರೆದಿದ್ದೇನೆ.